ಬಾಬು ಕಟ್ಟದ ತಿರುವು

ಚುನಾವಣೆ ಘೋಷಣೆಯಾದ ದಿನ ಅಧಿಕಾರಿಗಳು ಬ್ಯಾನರು ಇಳಿಸಿದ್ದಕ್ಕೆ ಅವನ್ನು ಕಟ್ಟಿದ್ದ ಕೋಡಿಬಾಗದ ಬಾಬುವಿಗೆ ಸಿಟ್ಟಿಲ್ಲ. ಗಂಟು ಬಿಚ್ಚಲು ಬಾರದೆ ಹಗ್ಗ ಕೊಯ್ದದ್ದಕ್ಕೆ ಇವತ್ತಿಗೂ ಇದೆ. "ಬಿಚ್ಚೂಕೆ ಬರೂದಿಲ್ಲ ಅಂದ್ರೆ ನನ್ನ ಕರೀಬೇಕಿತ್ತು, ಕೊಯ್ಯೂದು ಎಂತಕ್ಕೆ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಾನೆ. ಬಲೆ ಕಟ್ಟಿ ಪಳಗಿದ ಅವನ ಕೈ ಎಲ್ಲ ಪಕ್ಷಗಳನ್ನೂ ಒಂದೇ ಗಂಟಿನಲ್ಲಿ ಬಿಗಿಯುತ್ತದೆ. ಕಾರವಾರದಿಂದ ಅಂಕೋಲೆಯವರೆಗೆ ಗಾಳಿಗೆ ಹೆಂಚು ಹಾರೀತು, ಅಭ್ಯರ್ಥಿಯ ಠೇವಣಿ ಹೋದೀತು, ಬಾಬು ಕಟ್ಟಿದ ನಗುಮುಖ ಮಾತ್ರ ಅಲುಗದು. ರಸ್ತೆಯಂಚಿನಿಂದ ಇಷ್ಟು ದೂರವಿರಬೇಕು, ಕರೆಂಟು ಕಂಬಕ್ಕೆ ಕಟ್ಟಕೂಡದು ಎಂದು ನಿಯಮ ಓದುವವರಿಗೆ, "ನಿಮ್ಮ ಟೇಪು ನಿಮ್ಮ ಹತ್ರ ಇರ್ಲಿ ಸಾಹೇಬ್ರೇ, ನನ್ನ ಮಾರು ನನ್ನ ಹತ್ರ ಉಂಟು" ಎಂದು ಎರಡೂ ತೋಳು ಚಾಚುತ್ತಾನೆ. ಆದರೆ ಅಮದಳ್ಳಿಯ ತಿರುವಿನಲ್ಲಿ ಅವನು ಕಟ್ಟುವುದಿಲ್ಲ. ಈ ಸಲ ಪುಢಾರಿಯೊಬ್ಬ ಪರವಾನಗಿ ಪತ್ರವನ್ನೇ ಮೂಗಿನ ಮುಂದೆ ಹಿಡಿದು ದಬಾಯಿಸಿದ. "ಆ ಚೀಟಿನೇ ಕಟ್ಕೋ ಹೋಗು! ಇಲ್ಲಿ ನಿನ್ನಪ್ಪ ಚುನಾವಣೆಗೆ ನಿಂತ್ರೂ ನಾ ಕಟ್ಟೂದಿಲ್ಲ, ಬೇರೆಯವ ಕಟ್ಟಿದ್ರೆ ಕೊಯ್ದು ಹಾಕ್ತೆ" ಎಂದ ಬಾಬು. ಹಿಂದಿನ ಚುನಾವಣೆಯಲ್ಲಿ ಅಲ್ಲೇ, ಬ್ಯಾನರಿನ ಮರೆಯಿಂದ ನುಗ್ಗಿದ ಟೆಂಪೊ ಬಡಿದು, ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಮೀನುಗಾರ್ತಿ ವೈಜಯಂತಿಯ ಕಾಲು ಮುರಿದಿತ್ತು. ಮನೆಮನೆ ತಿರುಗುತ್ತಿದ್ದವಳು ಈಗ ಒಂದೇ ಕಡೆ ಕೂತು ಮಾರುತ್ತಾಳೆ. ಆ ಬ್ಯಾನರು ಕಟ್ಟಿದವ ತಾನೇ ಎಂದು ಹೇಳಿ ಕ್ಷಮೆ ಕೇಳಬೇಕೆಂದು ಬಾಬು ವಾರವಾರವೂ ಅವಳೆದುರು ಹೋಗಿ ನಿಲ್ಲುತ್ತಾನೆ. "ಎಂತ ಬೇಕೋ ಬಾಬು?" ಎಂದು ಅವಳು ಕೇಳುತ್ತಾಳೆ. "ಬಂಗಡೆ" ಎನ್ನುತ್ತಾನೆ.