ಗ್ರಾಮಸ್ಥರಲ್ಲಿ ಒಬ್ಬಳು

ಸಿರಾ ರಸ್ತೆಯಲ್ಲಿ ನಾಯಿಯೊಂದನ್ನು ತಪ್ಪಿಸಲು ಹೋಗಿ ಬೈಕ್ ಸಮೇತ ಬಿದ್ದು ಕಾಲು ಮುರಿದುಕೊಂಡೆ. ಒಂದೂವರೆ ತಿಂಗಳು ಮಧುಗಿರಿಯ ಮನೆಯಲ್ಲಿ ಮಲಗಿದ್ದೇ ಕೆಲಸ. ಹೆಂಡತಿ ಕೊರಟಗೆರೆಯ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹಗಲಲ್ಲಿ ನನ್ನನ್ನು ನೋಡಿಕೊಳ್ಳಲು ಐ.ಡಿ.ಹಳ್ಳಿಯಿಂದ ಅತ್ತೆ ಬಂದರು.

ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ಅತ್ತೆ ಅಳಿಯನ ಎದುರು ಕೂತವರಲ್ಲ. ಬಾಗಿಲ ಮರೆಯಲ್ಲಿ ನಿಂತು, "ಊಟಕ್ಕಿಕ್ಲಾ?" ಅನ್ನುವರು. ನಾನು "ಹೂಂ" ಅನ್ನುವೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಸಿನಿಮಾ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಕಾಲೇಜಿನ ದಿನಗಳಲ್ಲಿ ಒಳ್ಳೆಯ ಚಿತ್ರವೆಂದರೆ ಏನು ಅಂತ ಗೆಳೆಯರಿಗೆ ಪಾಠ ಹೇಳಿದವನು. ಒಂದು ಮಧ್ಯಾಹ್ನ ಟಿವಿಯಲ್ಲಿ ನಾನು ನೋಡುತ್ತಿದ್ದ ಚಿತ್ರ ಮುಗಿದು, ಯೂಟ್ಯೂಬ್ ತಾನಾಗಿ ಇನ್ನೊಂದನ್ನು ಶುರು ಮಾಡಿತು. ರಿಮೋಟ್ ಕೈಗೆಟುಕಲಿಲ್ಲ. ಯಾರೂ ಕಂಡುಕೇಳದ ನಟರ ದೆವ್ವದ ಕಥೆ. ಹುಣಸೆ ತೋಪಿನಲ್ಲಿ ಬಿಳಿ ಸೀರೆಯ ದೆವ್ವ ತೇಲುತ್ತಾ ಬರಬೇಕು. ಅದರ ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ.

ಬಾಗಿಲ ಕಡೆಯಿಂದ ದನಿ ಬಂತು: "ಮುಳ್ಳು ಗಿಳ್ಳು ಚುಚ್ಚುತ್ತೆ ಅಂತ ಹಾಕ್ಕಂಡೈತೆ ಬುಡಿ, ಪಾಪ."

ನಕ್ಕ ರಭಸಕ್ಕೆ ಪ್ಲಾಸ್ಟರ್ ಒಳಗಿನ ಕಾಲು ಜುಮ್ಮೆಂದಿತು. ಅತ್ತೆಯೂ ಬಾಯಿಗೆ ಸೆರಗಿಟ್ಟು ನಗುತ್ತಿದ್ದರು.

ಮರುದಿನ ಅವರು ಅವರೆಕಾಯಿ ಬುಟ್ಟಿ ತಂದು ಹೊಸ್ತಿಲ ಮೇಲೆ ಕೂತರು. ನಾಲ್ಕನೇ ದಿನಕ್ಕೆ ನನ್ನ ಮಂಚದ ಪಕ್ಕದ ಕುರ್ಚಿಗೆ ಬಂದರು. ಹುಡುಕಿ ಹುಡುಕಿ ಅಂಥವೇ ಚಿತ್ರಗಳನ್ನು ಹಾಕುತ್ತಿದ್ದೆ. ಒಂದರಲ್ಲಿ ಬೆಂಕಿಗೆ ಬಿದ್ದು ಸತ್ತ ಖಳನಾಯಕ, ಮುಂದಿನ ದೃಶ್ಯದಲ್ಲಿ ಹೆಣದ ಸುತ್ತ ಅಳುವವರ ನಡುವೆ ನಿಂತಿದ್ದ. "ಅವನ ಸಾವ್ಗೆ ಅವನೇ ಬಂದ್ಬುಟ್ಟವ್ನೆ ನೋಡ್ರಪ್ಪ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

ಆಮೇಲೆ ಆ ಚಿತ್ರ ಬಂತು. ನಿಡುಗಲ್ಲಿನಂಥದೇ ಬೆಟ್ಟ, ಕನ್ನಡ ಮಾತಾಡುವ ನಾಯಕ, ಹಿಂದೆ ತೆಲುಗಿನಲ್ಲಿ ಕೂಗಾಡುವ ಜನ. ನಾಯಕ ನ್ಯಾಯದ ಬಗ್ಗೆ ಉದ್ದುದ್ದ ಭಾಷಣ ಬಿಗಿಯುತ್ತಿದ್ದ. ಅವನ ಬೆನ್ನ ಹಿಂದೆ ಒಲೆಯ ಬಳಿ ಒಬ್ಬ ಹೆಂಗಸು ಮುದ್ದೆ ತೊಳಸುತ್ತಿದ್ದಳು. ಪಾತ್ರೆ ಅಲ್ಲಾಡದಂತೆ ಅದಕ್ಕೆ ಸಿಕ್ಕಿಸಿದ ಕವೆಗೋಲನ್ನು ಕಾಲಿನಿಂದ ಅದುಮಿ, ಸೊಂಟದಿಂದಲೇ ಬಲ ಹಾಕಿ ತಿರುವಿದಳು. ಕೈ ನೀರಿಗದ್ದಿ, ಸುಡುವ ಹಿಟ್ಟನ್ನು ಎರಡೇ ಸುತ್ತಿಗೆ ಗುಂಡಗೆ ಮಾಡಿಟ್ಟಳು. ಕ್ಯಾಮೆರಾ ಕಡೆ ನೋಡಲೇ ಇಲ್ಲ.

ನಾನು ಭಾಷಣಕ್ಕೆ ನಗುತ್ತಿದ್ದೆ. ಅತ್ತೆ ನಗಲಿಲ್ಲ.

"ಹಿಂದಕ್ಕಾಕಿ ಒಂದ್ಸಲ."

ಹಾಕಿದೆ. ಮೂರು ಸಲ ನೋಡಿದರು.

"ಇವಳೊಬ್ಳು ಸುಳ್ಳು ಮಾಡ್ತಿಲ್ಲ ಕಣಪ್ಪ. ಒಂದ್ ಗಂಟೂ ಇಲ್ಲ ನೋಡಿ. ಯಾರು ಈವಮ್ಮ? ಹೆಸರು ಹಾಕವ್ರಾ?"

ಕೊನೆಯವರೆಗೂ ಓಡಿಸಿದೆ. ನಾಯಕನ ಹೆಸರಿತ್ತು, ನಿರ್ಮಾಪಕರ ಮನೆಯವರೆಲ್ಲರ ಹೆಸರೂ ಇತ್ತು. ತಳದಲ್ಲಿ 'ಮತ್ತು ಗ್ರಾಮಸ್ಥರು' ಎಂದಿತ್ತು.

"ಗ್ರಾಮಸ್ಥರು ಅಂತ ಹಾಕಿದ್ದಾರೆ ಅತ್ತೆ."

ಅವರು ಎದ್ದು ಒಳಗೆ ಹೋದರು. ನಾನೂ ಆ ದೃಶ್ಯವನ್ನು ಮತ್ತೆ ಹಾಕಿ, ಈ ಸಲ ಆ ಹೆಂಗಸನ್ನು ಮಾತ್ರ ನೋಡಿದೆ. ಇಷ್ಟು ವರ್ಷ ಒಳ್ಳೆಯ ಚಿತ್ರಗಳಲ್ಲಿ ಏನು ನೋಡಬೇಕು ಎಂದು ಊರಿಗೆಲ್ಲ ಹೇಳಿದವನಿಗೆ ಇದು ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಪ್ಲಾಸ್ಟರ್ ಬಿಚ್ಚುವವರೆಗೂ ಹುಡುಕಿದೆವು, ಆಕೆ ಮತ್ತೆಲ್ಲೂ ಸಿಗಲಿಲ್ಲ. ಅತ್ತೆ ಊರಿಗೆ ಹೋದ ಮೇಲೆ ಒಂದು ಭಾನುವಾರ ಅವರ ಫೋನ್ ಬಂತು.

"ಸಿಕ್ಕುದ್ಲು ಕಣಪ್ಪ! ಬಸ್ ಸ್ಟ್ಯಾಂಡ್‌ನಾಗೆ ಕುಂತವ್ಳೆ. ಈ ಸಲ ಮಾತೂ ಐತೆ."

"ಏನಂತಾಳೆ?"

"'ಬಸ್ಸು ಹೋಯ್ತು' ಅಂತಾಳೆ. ಎಷ್ಟ್ ಚೆಂದಾಗಿ ಅಂತಾಳೆ ಅಂತೀರಾ!"

ಚಿತ್ರದ ಹೆಸರು ಕೇಳಿ ಬರೆದುಕೊಂಡೆ. ಹೆಂಡತಿಯನ್ನೂ ಕರೆದು ಕೂರಿಸಿಕೊಂಡು, ಎರಡೂಕಾಲು ಗಂಟೆಯ ಆ ಅಧ್ವಾನವನ್ನು ಮೊದಲಿಂದ ಕೊನೆಯವರೆಗೂ ನೋಡಿದೆ.