ಪಾಲಾದ ಮೇಲೂ ಉಳಿದ ಹೆಸರುಗಳು

ಬೆಳಕು ಹರಿಯುವ ಮೊದಲೇ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿದೆ. ಪಕ್ಕದಲ್ಲಿಟ್ಟ ಚಹಾ ಆರಿಹೋಗಿದೆ. ಗ್ರಂಥಾಲಯ ಸಹಾಯಕಿಯೊಬ್ಬರು ಒಂದು ಕಡತ ತೆರೆದು, ಅದರ ತಲೆಯಲ್ಲಿ ಯಾರದೋ ಹೆಸರು ಸೇರಿಸಿ, ಮುಂದಿನದಕ್ಕೆ ಕೈ ಹಾಕುತ್ತಾರೆ. ಕೆಲಸಕ್ಕೆ ಹೊರಡುವಷ್ಟರಲ್ಲಿ ನಲವತ್ತು ಕಡತ ಮುಗಿಯಬೇಕು. ಇದಕ್ಕೆ ಸಂಬಳವಿಲ್ಲ, ಸನ್ಮಾನದ ಮಾತಂತೂ ದೂರ.

ಪರದೆಯ ಮೇಲಿನ ಅಕ್ಷರಗಳನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶವೊಂದರ ಕಡತಗಳಿವು. ಬರೆದವರು ಹಲವರು, ನಡೆಸುತ್ತಿದ್ದುದು ಒಂದು ಕಂಪನಿ. ಮುಂದಿನ ಆವೃತ್ತಿಗೆ ಎಲ್ಲರೂ ಹಣ ಕೊಡಬೇಕೆಂದು ಕಂಪನಿ ಪಟ್ಟು ಹಿಡಿದಾಗ, ಹಳೆಯ ಮುಕ್ತ ಪ್ರತಿಯನ್ನು ಹಿಡಿದುಕೊಂಡು ಒಂದಷ್ಟು ಮಂದಿ ಬೇರೆಯಾಗಿ ತಮ್ಮದೇ ಬಳಗ ಕಟ್ಟಿಕೊಂಡರು. ಆ ಪ್ರತಿಯ ಪರವಾನಗಿಯ ಷರತ್ತು ಒಂದೇ: ಬಳಸಿ, ತಿದ್ದಿ, ಹಂಚಿ, ಬರೆದವರ ಹೆಸರು ಮಾತ್ರ ಅಳಿಸಬೇಡಿ.

ಬಳಗದವರೆಲ್ಲ ‘ಅಕ್ಕ’ ಎನ್ನುವ ಈ ಗ್ರಂಥಾಲಯ ಸಹಾಯಕಿ ಎಡವಿದ್ದು ಅಲ್ಲೇ. ಬೇರೆಯಾದ ಹುಮ್ಮಸ್ಸಿನಲ್ಲಿ, ಎಲ್ಲ ಕಡತಗಳ ತಲೆಬರಹದಲ್ಲೂ ಹೊಸ ಬಳಗದ ಹೆಸರು ಕೂರಿಸಲು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟರು. ಹಳಬರೆಲ್ಲ ಒಂದೇ ಏಟಿಗೆ ಮಾಯ. ಆಮೇಲೆ ಕಡತಗಳನ್ನು ಒಡೆದು, ಬೆರೆಸಿಯೂ ಆಯಿತು. ಈಗ ಯಾವ ಸಾಲು ಯಾರದೆಂದು ಹುಡುಕಿಯೇ ಹೆಸರು ಸೇರಿಸಬೇಕು. ತಿಂಗಳೊಳಗೆ ಸರಿಪಡಿಸದಿದ್ದರೆ ಹಂಚುವ ಹಕ್ಕೇ ಇಲ್ಲವೆಂದು ಕಂಪನಿಯ ವಕೀಲರ ನೋಟಿಸ್ ಬಂದಿದೆ.

“ನೋಟಿಸ್ ಬಂದ ದಿನ ಊಟ ಸೇರ್ಲಿಲ್ಲ,” ಎನ್ನುತ್ತಾರೆ ಅಕ್ಕ. ಕಣ್ಣು ಕಾಣದ ತಂಗಿ ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ ಇದೇ ತಂತ್ರಾಂಶವನ್ನು ನಂಬಿ ದುಡಿಯುತ್ತಾರೆ. “ಇದು ನಿಂತ್ರೆ ಅವಳ ಕೆಲಸಾನೂ ನಿಲ್ಲುತ್ತೆ. ಅವಳು ಬೈಯಲ್ಲ. ‘ಕಣ್ಣಿದ್ದೂ ನಿಂಗೆ ಹೆಸರು ಕಾಣ್ಲಿಲ್ವಲ್ಲ ಅಕ್ಕ’ ಅಂತ ನಗ್ತಾಳೆ. ಅದೇ ಚುಚ್ಚುತ್ತೆ.”

ಬಳಗದ ಆಡಳಿತ ಅಕ್ಕನೂ ಸೇರಿ ಐವರ ಮಂಡಳಿಯದು. ಬಹುಮತವೇ ಕೊನೆ ಮಾತು. ತಮ್ಮನ್ನು ಊರೆಲ್ಲ ಕಳ್ಳರೆಂದು ಜರೆದ ಕಂಪನಿಯ ಹಿರಿಯ ಇಂಜಿನಿಯರರ ಹೆಸರು ಬೇಡ, ಅವರ ಸಾಲುಗಳನ್ನೇ ಕಿತ್ತು ಹೊಸದಾಗಿ ಬರೆಯೋಣ ಎಂದು ಇಬ್ಬರು ಹಟ ಹಿಡಿದರು. ಅಕ್ಕ ಒಪ್ಪಲಿಲ್ಲ. “ಅವ್ರು ಬೈದಿದ್ದು ನಿಜ. ಬರ್ದಿದ್ದೂ ನಿಜ ತಾನೇ?” ಮೂರು ಮತ ಅಕ್ಕನ ಕಡೆ ಬಿದ್ದವು.

ಇಂದು ಆ ಇಂಜಿನಿಯರರ ಕಡತದ ಸರದಿ. ಹೆಸರು ಸೇರಿಸಿದ ಕೂಡಲೇ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದುತ್ತದೆ. ಒಳಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿರುವ ತಂಗಿ, “ಸರಿಯಾಗಿದೆ, ಮುಂದಿನದು,” ಎನ್ನುತ್ತಾರೆ. ಗಡುವಿಗೆ ಒಂದು ವಾರವಿದೆ, ಕಡತಗಳು ಇನ್ನೂ ಇವೆ.

ನಿಮಗೇನು ಆಸೆ ಎಂದು ಕೇಳಿದರೆ ಅಕ್ಕ ಕೀಲಿಮಣೆಯಿಂದ ಕೈ ತೆಗೆಯುತ್ತಾರೆ.

“ನಾಳೆ ನಮ್ಮ ಜೊತೆನೂ ಯಾರೋ ಜಗಳ ಆಡ್ಕೊಂಡು ಬೇರೆ ಹೋಗ್ತಾರೆ. ಹೋಗ್ಲಿ, ಆ ಹಕ್ಕು ಅವ್ರಿಗಿದೆ. ಹೋಗೋವಾಗ ನನ್ನ ಹೆಸರು ಅಳಿಸ್ದೆ ಇದ್ರೆ ಸಾಕು.”