ಅವ್ವನ ಎಡಗೈ

ನಿನ್ನೆ ಹಳಿಯಾಳದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಂದ ನೋವಿನ ಮುಲಾಮಿನ ವಾಸನೆ ಬಂತು. ನನಗೆ ಅವ್ವನ ಎಡಗೈ ನೆನಪಾಯಿತು.

ನಮ್ಮವ್ವ ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನ ಹೆಣ್ಣುಮಗಳು. ದಾಂಡೇಲಿಯಲ್ಲಿ ನಾನು ಕಾಗದ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಪೂಜೆಗೆ ಕೂತಿರುತ್ತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಅಂಗೈ ಕಣ್ಣಿನ ಮಟ್ಟಕ್ಕೆ. ಹೋದ ವರ್ಷ ಆ ಕೈ ಮೇಲೇಳುವುದನ್ನೇ ಬಿಟ್ಟಿತು. ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರು. ಭುಜದ ಕೀಲು ಬಿಗಿದುಕೊಂಡಿತ್ತು. ಬಲಗೈಯಿಂದ ಎತ್ತಿ ಹಿಡಿದರೆ ವಿಭೂತಿ ಹಚ್ಚಲು ಕೈ ಉಳಿಯುತ್ತಿರಲಿಲ್ಲ. ಜಂಪರ್ ತೊಡಲು ಸೊಸೆಯನ್ನು ಕರೆಯುವುದಕ್ಕೆ ಅವ್ವ ಬೇಸರಪಡಲಿಲ್ಲ. ಪೂಜೆಯಿಂದ ಎದ್ದಾಗ ಮಾತ್ರ ಮುಖ ಬಾಡಿರುತ್ತಿತ್ತು.

ಹಳಿಯಾಳದಲ್ಲಿ ಫಿಸಿಯೋಥೆರಪಿ ಮಾಡುವವಳು ಜೋಯಿಡಾ ಕಡೆಯ ಹುಡುಗಿ. "ಕೈ ಎಷ್ಟು ಮ್ಯಾಲ ಬರಬೇಕ್ರಿ ಅಜ್ಜಿ?" ಎಂದು ಮೊದಲು ಕೇಳಿದಳು. ಅವ್ವ ಬಲಗೈಯನ್ನು ಕಣ್ಣಿನ ನೇರಕ್ಕೆ ಹಿಡಿದು ತೋರಿಸಿದಳು. "ಇಷ್ಟ ಸಾಕವ್ವಾ. ಬಗ್ಗಿ ನೋಡಿದ್ರ ಬರೇ ಅಂಗೈ ನೋಡಿದಂಗ ಆಗತೈತಿ."

ಮಲಗಿಸಿ, ಒಂದು ಕೈಯಿಂದ ಹೆಗಲೆಲುಬನ್ನು ಒತ್ತಿ ಹಿಡಿದು, ಇನ್ನೊಂದರಿಂದ ತೋಳನ್ನು ಮೆಲ್ಲಗೆ ಎಳೆದು ತಿರುಗಿಸಿದಳು. ಅವ್ವ "ಶಿವನೇ" ಎಂದು ಹಲ್ಲು ಕಚ್ಚಿದಳು. ನಾನು ಬಾಗಿಲ ಕಡೆ ಸರಿದೆ.

"ಅಣ್ಣಾರ, ಎಲ್ಲಿ ಹೊಂಟ್ರಿ? ಮನ್ಯಾಗ ಇದನ್ನ ಮಾಡಾವ್ರು ನೀವ. ಬರ್ರಿ ಇಲ್ಲೆ." ನನ್ನ ಕೈಯನ್ನು ತನ್ನ ಕೈಯಿದ್ದಲ್ಲಿ ಇಡಿಸಿ ಕಲಿಸಿದಳು.

ನೀವು ನಗಬಹುದು. ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕರಿಸಿದ್ದು ಬಿಟ್ಟರೆ ಅವ್ವನನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಭಾರದ ಕಾಗದದ ಸುರುಳಿ ತಳ್ಳುವ ಈ ಕೈಗೆ ಆ ಸಣ್ಣ ಎಲುಬನ್ನು ಹಿಡಿಯುವ ಬಗೆ ತಿಳಿಯಲಿಲ್ಲ. ಮೊದಲ ಸಂಜೆ ಅವ್ವನನ್ನು ಮಣೆಯ ಮೇಲೆ ಕೂಡಿಸಿ, ಮುಲಾಮು ಹಚ್ಚಿ ಭುಜ ಒತ್ತುವಾಗ "ಅಯ್ಯೋ" ಎಂದವನು ನಾನೇ.

"ನೋವು ನನಗೈತೊ, ನಿನಗೈತೊ? ಗಟ್ಟಿ ಹಿಡಿ ತಮ್ಮಾ."

ನೋವು ಮರೆಯಲೆಂದೋ ಏನೋ, ಆಮೇಲಾಮೇಲೆ ಅವ್ವ ಮಾತಿಗೆ ತೊಡಗಿದಳು. ತವರಿನ ಹಾಯುವ ಎಮ್ಮೆ, ಚಿಕ್ಕಂದಿನಲ್ಲೇ ತೀರಿಕೊಂಡ ತಂಗಿ. ಆ ತಂಗಿಯ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಪಾಳಿಯಿಂದ ಬಂದು ದೇವರಮನೆಯತ್ತ ನೋಡಿದೆ. ಅಂಗೈ ಕಣ್ಣಿನ ನೇರಕ್ಕೆ ನಿಂತಿತ್ತು, ಬಲಗೈ ವಿಭೂತಿ ಹಚ್ಚುತ್ತಿತ್ತು. ಅವ್ವ ನನ್ನತ್ತ ತಿರುಗಲಿಲ್ಲ. ಪೂಜೆ ಮುಗಿಯುವವರೆಗೆ ನಾನು ಹೊಸ್ತಿಲಲ್ಲೇ ಕೂತೆ.

ಕೈ ಬೆನ್ನ ಹಿಂದೆ ಇನ್ನೂ ಪೂರ್ತಿ ಹೋಗುವುದಿಲ್ಲ. ಆದರೂ ಒತ್ತುವುದು ಇನ್ನು ಸಾಕು ಎಂದು ಆ ಹುಡುಗಿ ಹೇಳಿ ಬಹಳ ದಿನವಾಯಿತು. ನಿನ್ನೆ ಬಸ್ಸಿಳಿದು ಮನೆಗೆ ಬಂದರೆ ಅವ್ವ ಮಣೆಯ ಮೇಲೆ, ಮುಲಾಮು ಪಕ್ಕಕ್ಕಿಟ್ಟುಕೊಂಡು, ನನಗೆ ಬೆನ್ನು ಮಾಡಿ ಕೂತಿದ್ದಳು.

"ಇನ್ನ ಬ್ಯಾಡ ಅಂದಾಳಲ್ಲ ಬೇ ಆಕಿ?"

"ಆಕಿ ಅಂದಾಳ. ನಾ ಅಂದೇನೇನು?"

ಕೈ ತೊಳೆದು ಬಂದು ಅವಳ ಹಿಂದೆ ಕೂತೆ.